ಮಂಜಿಯ ಕೋಣೆಗೆ ಎರಡು ಚಕ್ರ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ತಪ್ಪು ನನ್ನದೊಂದೇ ಅಲ್ಲ. ಕಥೆಯೊಳಗಿನ ಮೂವರೂ ಬದುಕಿದ್ದಾರೆ, ಮೂವರಿಗೂ ಅಭಿಪ್ರಾಯಗಳಿವೆ, ಮೂವರ ಹತ್ತಿರವೂ ನನ್ನ ಫೋನ್ ನಂಬರು ಇದೆ.

ನನ್ನ ಅಪ್ಪ ನಾಗಪತಿ ನಾಯ್ಕ ಹೇಳಿದ್ದು: "ಕೊಂಡಿಯಿಂದ ಶುರು ಮಾಡು. ಜೀಪಿಗೂ ಟ್ರೇಲರಿಗೂ ನಡು ಇರೂದು ಅದೊಂದೇ. ಅದು ತಪ್ಪಿದ್ರೆ ಕತೆ ಒಂದ್ಕಡೆ, ನಾವೊಂದ್ಕಡೆ."

ಟ್ರೇಲರ್ ಕಟ್ಟಿದ ಶಿರಸಿಯ ವೆಲ್ಡಿಂಗ್ ಕಲ್ಲಯ್ಯ ಹೇಳಿದ್ದು: "ಚಾಸಿಯಿಂದ ಹಚ್ಚರಿ ಟೀಚರ್ರ. ಬುಡ ಗಟ್ಟಿ ಇರ್ಲಿಲ್ಲಂದ್ರ ಮ್ಯಾಲಿಂದೆಲ್ಲಾ ಅಲ್ಲಾಡತೈತಿ. ಕತಿಗೂ ಅದ ಲೆಕ್ಕ."

ಅಮ್ಮ ಮಂಜಿ ಹೇಳಿದ್ದು ಒಂದೇ ಮಾತು: "ನನ್ನ ಕಾಯಿಲೆಯಿಂದ ಶುರು ಮಾಡಬ್ಯಾಡ."

ಸರಿ. ಮಾಡುವುದಿಲ್ಲ. (ಓದುಗರೇ, ಕಾಯಿಲೆ ಇದೆ ಎಂಬುದು ನಿಮಗೀಗ ಗೊತ್ತಾಗಿಬಿಟ್ಟಿತು. ಬೇಡ ಎಂದದ್ದನ್ನು ಬೇಡ ಎನ್ನುತ್ತಲೇ ಹೇಳಿಬಿಡುವುದು ನಮ್ಮಂಥ ಕಥೆಗಾರರ ಹಳೆಯ ಚಾಳಿ. ಅಮ್ಮ ಇದನ್ನು ಓದುವಾಗ ಇಲ್ಲೇ ನಿಲ್ಲಿಸಿ ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಾಳೆ.)

೨

ಮೊದಲ ಡ್ರಾಫ್ಟ್ ಹೀಗೆ ಶುರುವಾಗಿತ್ತು: "ಹಸಿರು ಕಾನನದ ಮಡಿಲಲ್ಲಿ ಬೆಳ್ಳಿಹಕ್ಕಿಯಂತೆ ನಿಂತಿತ್ತು ಆ ಪುಟ್ಟ ಟ್ರೇಲರ್."

ಅಪ್ಪ ಅದನ್ನು ಗಟ್ಟಿಯಾಗಿ ಓದಿ, "ಯಾವ ಹಕ್ಕಿಗೆ ಮೂರು ತಿಂಗಳಿಗೊಂದ್ಸಲ ಗ್ರೀಸು ಹೊಡಿತಾರೆ?" ಎಂದು ಕೇಳಿದ. ಆ ಹಾಳೆ ಅಲ್ಲಿಗೆ ಮುಗಿಯಿತು.

ಆದ್ದರಿಂದ ಸುಮ್ಮನೆ ಇದ್ದದ್ದನ್ನು ಇದ್ದಹಾಗೆ ಹೇಳುತ್ತೇನೆ. ನಾನು ಕಾವ್ಯಶ್ರೀ. ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಆರೇಳು ಕಥೆಗಳು ವಾರಪತ್ರಿಕೆಗಳಲ್ಲಿ ಬಂದಿವೆ. ಎಲ್ಲದರಲ್ಲೂ ಯಾರೋ ಒಬ್ಬರು ಕಿಟಕಿಯ ಬಳಿ ನಿಂತು ಏನನ್ನೋ ನೆನೆಯುತ್ತಾರೆ. ಈ ಕಥೆಯಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ, ಎಲ್ಲರಿಗೂ ಕೆಲಸವಿದೆ.

ನಾವು ಬಿಳಗಿಯವರು. ಅಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು, ಈಗ ಒಂದು ಹಳೆಯ ಜೀಪು ಇಟ್ಟುಕೊಂಡಿದ್ದಾನೆ. ಅಮ್ಮ ಮದುವೆಗೆ ಮೊದಲು ಯಲ್ಲಾಪುರ ತಾಲೂಕಿನ ಇಡಗುಂದಿಯಲ್ಲಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಗಿದ್ದಳು. ಐದು ವರ್ಷ ಸಸಿ ಬೆಳೆಸಿದಳು, ಗುಂಡಿ ತೆಗೆದಳು, ಗುಡ್ಡದ ಮೇಲೆ ನೆಟ್ಟಳು. ಆ ಗುಡ್ಡ ಬಿಟ್ಟು ಬಂದಮೇಲೆ ಮತ್ತೆ ನೋಡಿರಲಿಲ್ಲ.

೩

ಇನ್ನು ತಪ್ಪಿಸಿಕೊಳ್ಳುವಂತಿಲ್ಲ.

ಮೂರು ವರ್ಷದ ಹಿಂದೆ ಅಮ್ಮನ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದವು. ಈಗ ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳುತ್ತಾಳೆ. ಹೊಟ್ಟೆಗೊಂದು ಸಣ್ಣ ನಳಿಕೆ ಕೂಡಿಸಿದ್ದಾರೆ. ಎರಡು ಲೀಟರಿನ ಔಷಧದ ನೀರಿನ ಚೀಲವನ್ನು ಮೇಲೆ ತೂಗುಹಾಕಬೇಕು, ಖಾಲಿ ಚೀಲವನ್ನು ಕೆಳಗೆ ನೆಲದ ಮೇಲಿಡಬೇಕು. ಮೊದಲು ಹೊಟ್ಟೆಯೊಳಗಿನ ಹಳೆಯ ನೀರು ಕೆಳಗಿಳಿಯುತ್ತದೆ, ಆಮೇಲೆ ಹೊಸದು ಒಳಗೆ ಹೋಗುತ್ತದೆ. ಒಂದು ಸಲಕ್ಕೆ ಅರ್ಧ ತಾಸಿಗಿಂತ ಸ್ವಲ್ಪ ಜಾಸ್ತಿ ಬೇಕು. ದಿನಕ್ಕೆ ನಾಲ್ಕು ಸಲ.

ಇದಕ್ಕೆ ಯಂತ್ರ ಬೇಡ, ಆಸ್ಪತ್ರೆ ಬೇಡ. ಬೇಕಾದದ್ದು ಧೂಳಿಲ್ಲದ ಒಂದು ಕೋಣೆ. ಬಾಗಿಲು ಹಾಕಬೇಕು, ಫ್ಯಾನು ಆರಿಸಬೇಕು, ಕೈ ತೊಳೆಯಬೇಕು, ಬಾಯಿಗೆ ಮಾಸ್ಕು ಕಟ್ಟಬೇಕು. ನಳಿಕೆಯ ತುದಿಗೆ ಒಂದು ಚೂರು ಕೊಳೆ ತಾಗಿದರೂ ಹೊಟ್ಟೆಯೊಳಗೆ ಸೋಂಕು. ಮೂರು ವರ್ಷದಲ್ಲಿ ಅಮ್ಮನಿಗೆ ಒಮ್ಮೆಯೂ ಸೋಂಕಾಗಿಲ್ಲ.

(ಈ ವಾಕ್ಯವನ್ನು ನಾನು ಸ್ವಲ್ಪ ಜಂಬದಿಂದಲೇ ಬರೆದಿದ್ದೇನೆ. ಕಥೆಗಾರ್ತಿ ತಟಸ್ಥಳಾಗಿರಬೇಕು ಎನ್ನುತ್ತಾರೆ. ಇರುವವರು ಇರಲಿ.)

ಆದರೆ ಆ ಮೂರು ವರ್ಷದಲ್ಲಿ, ಹುಬ್ಬಳ್ಳಿಯ ಆಸ್ಪತ್ರೆಯೊಂದನ್ನು ಬಿಟ್ಟರೆ, ಅವಳು ಆ ಕೋಣೆ ಬಿಟ್ಟು ನಾಲ್ಕು ತಾಸಿಗಿಂತ ಹೆಚ್ಚು ದೂರ ಹೋದದ್ದೂ ಇಲ್ಲ.

೪

ಕಳೆದ ವರ್ಷ ಇಡಗುಂದಿಯಿಂದ ಕೆರಿಯ ಫೋನು ಮಾಡಿದ. ಕೆರಿಯ ಅಮ್ಮನ ಜೊತೆ ನರ್ಸರಿಯಲ್ಲಿ ಕೆಲಸ ಮಾಡಿದವನು. ಕಾಡಿನ ಅಂಚಿನಲ್ಲಿ ಅವನಿಗೊಂದು ತುಂಡು ಗದ್ದೆ, ಮೇಲೊಂದು ಹಕ್ಕಲು, ಅಂದರೆ ಬೋಳು ಬಯಲು, ಇದೆ. ಫೋನು ಸ್ಪೀಕರಿನಲ್ಲಿತ್ತು, ನಾನೂ ಕೇಳಿದೆ.

"ಮಂಜಕ್ಕ, ನಾವ್ ನೆಟ್ಟ ಹೊನ್ನೆ ಮರ ಈಗ ತಬ್ಬೂಕೆ ಆತಿಲ್ಲೆ. ಎರಡು ಕೈ ಸಾಲ್ತಿಲ್ಲೆ."

ಅಮ್ಮ ಫೋನು ಇಟ್ಟು, "ನಂಗೆ ಅದನ್ನೊಂದು ನೋಡಬೇಕು" ಎಂದಳು.

"ಹೋಗಿ ನೋಡ್ಕಂಡು ಬಪ್ಪಾ ಅಂದ್ರೆ ಆ ದಾರಿಗೇ ನಾಲ್ಕು ತಾಸು ಬೇಕಲ" ಎಂದ ಅಪ್ಪ.

"ಹೋಗಿ ಬರೂದಲ್ಲ. ಅಲ್ಲೇ ಉಳಿಬೇಕು. ಬೆಳಿಗ್ಗೆ ಬೆಳಕಲ್ಲೂ ನೋಡಬೇಕು, ಸಂಜೆ ಬೆಳಕಲ್ಲೂ ನೋಡಬೇಕು."

ಯಲ್ಲಾಪುರದ ಲಾಡ್ಜಿನಲ್ಲಿ ಉಳಿದರೆ ಗುಡ್ಡ ದೂರ. ಕೆರಿಯನ ಮನೆಯಲ್ಲಿ ಮುಚ್ಚಲು ಬಾಗಿಲಿರುವ ಕೋಣೆ ಒಂದೇ, ಅದರಲ್ಲಿ ಭತ್ತ ತುಂಬಿದೆ. ಅಪ್ಪ ಒಂದು ವಾರ ಫೋನಿನಲ್ಲಿ ಏನೇನೋ ನೋಡಿದ. ಆಮೇಲೆ ಒಂದು ವಿಡಿಯೋ ತಂದು ನಮ್ಮಿಬ್ಬರಿಗೂ ತೋರಿಸಿದ. ಯಾವುದೋ ಮರಳುಗಾಡಿನಲ್ಲಿ ಒಂದು ಜೀಪು, ಅದರ ಹಿಂದೆ ದಪ್ಪ ಚಕ್ರದ ಪೆಟ್ಟಿಗೆಯಂಥದ್ದು. ಆಫ್‌ರೋಡ್ ಕ್ಯಾಂಪಿಂಗ್ ಟ್ರೇಲರ್.

"ಕೋಣೆ ಬಿಟ್ಟು ನೀ ಬರೂಕಾಗ್ದಿದ್ರೆ," ಎಂದ ಅಪ್ಪ, "ಕೋಣೆನೇ ತಕಂಡು ಹೋಪ."

೫

ಟ್ರೇಲರ್ ಆರಿಸುವುದು ವರ ನೋಡಿದ ಹಾಗೆ ಎಂದು ಎರಡನೇ ಡ್ರಾಫ್ಟಿನಲ್ಲಿ ಬರೆದಿದ್ದೆ. ಮದುವೆಯಾಗದ ನನ್ನ ಬಾಯಲ್ಲಿ ಅದು ಚೆನ್ನಾಗಿ ಕೇಳಲಿಲ್ಲ. ಹೊಡೆದುಹಾಕಿದೆ.

ಹುಬ್ಬಳ್ಳಿಯಲ್ಲಿ ಒಂದು ವಾಹನ ಪ್ರದರ್ಶನವಿತ್ತು. ಮಧ್ಯಾಹ್ನದ ಚೀಲಕ್ಕೆ ಅಮ್ಮನ ಆಸ್ಪತ್ರೆ ಅಲ್ಲೇ ಇದ್ದದ್ದರಿಂದ, ಬೆಳಗಿನದನ್ನು ಮುಗಿಸಿ ಮೂವರೂ ಹೋದೆವು. ಅಲ್ಲಿ ಮೂರು ಬಗೆಯ ಟ್ರೇಲರುಗಳಿದ್ದವು. ಒಂದು ನೀರಿನ ಹನಿಯ ಆಕಾರದ್ದು, ನೋಡಲು ಚೆಂದ. ಆದರೆ ಒಳಗೆ ಮಲಗಬಹುದು, ನಿಲ್ಲುವಂತಿಲ್ಲ. ಎರಡನೆಯದು ಬಿಚ್ಚಿದರೆ ದೊಡ್ಡ ಡೇರೆಯಾಗುವಂಥದ್ದು. ಹಗುರ, ಎಲ್ಲಿ ಬೇಕಾದರೂ ಹತ್ತುತ್ತದೆ. ಆದರೆ ಬಟ್ಟೆಯ ಗೋಡೆ, ಧೂಳಿಗೆ ತಡೆಯಿಲ್ಲ. ಮೂರನೆಯದು ಬಿಳಿ ಬಣ್ಣದ ದೊಡ್ಡ ಕ್ಯಾರವಾನ್. ಒಳಗೆ ಎಸಿ, ಫ್ರಿಜ್ಜು ಎಲ್ಲ ಇತ್ತು. ಅಪ್ಪ ಅದರ ಕೆಳಗೆ ಬಗ್ಗಿ ನೋಡಿ, "ಇದರ ಹೊಟ್ಟೆ ನೆಲಕ್ಕೆ ತಾಗ್ತದೆ. ಮೊದಲನೇ ಹಳ್ಳದಲ್ಲೇ ಕೂತ್ಕಳ್ತದೆ" ಎಂದ.

ಅಮ್ಮ ಮೂರರೊಳಗೂ ಹತ್ತಿದಳು. ಹಾಸಿಗೆಯ ಮೇಲೆ ಕೂತು ಕೈ ಮೇಲೆತ್ತಿ ನೋಡಿದಳು.

"ಚೀಲ ಎಲ್ಲಿ ತೂಗು ಹಾಕೂದು?" ಎಂದು ಮಾರಾಟದವನನ್ನು ಕೇಳಿದಳು.

"ಯಾವ ಚೀಲ ಮೇಡಂ? ಸ್ಲೀಪಿಂಗ್ ಬ್ಯಾಗಾ?"

"ಕೈ ತೊಳ್ಯೂ ನಲ್ಲಿ?"

"ಹಿಂದ್ಗಡೆ ಕಿಚನ್ ಇದೆ ಮೇಡಂ, ಹೊರಗೆ. ಬಾರ್ಬೆಕ್ಯೂ ಮಾಡಬಹುದು."

ಅಮ್ಮ ಇಳಿದು ಬಂದಳು. "ಚಂದ ಉಂಟು. ಆದ್ರೆ ಯಾವುದೂ ನನ್ನದಲ್ಲ" ಎಂದಳು.

೬

ಈ ಭಾಗದಲ್ಲಿ ಒಬ್ಬಳು ಚಿಕ್ಕಮ್ಮ ಬರುತ್ತಿದ್ದಳು. ಮೂರನೇ ಡ್ರಾಫ್ಟಿನಲ್ಲಿ ಅವಳಿಗೆ ಮೂರು ಪುಟ ಕೊಟ್ಟಿದ್ದೆ. ಚಿಕ್ಕಮ್ಮನಿಗೆ ಟ್ರೇಲರ್ ಇಷ್ಟವಿರಲಿಲ್ಲ. ಅವಳು ಗುಟ್ಟಾಗಿ ಹುಬ್ಬಳ್ಳಿಯ ಆಸ್ಪತ್ರೆಯ ನರ್ಸಿಗೆ ಫೋನು ಮಾಡುತ್ತಾಳೆ. ನರ್ಸು "ಧಾರಾಳವಾಗಿ ಹೋಗಬಹುದು" ಎನ್ನುತ್ತಾಳೆ. ಆದರೆ ಚಿಕ್ಕಮ್ಮ ಮನೆಗೆ ಬಂದು, "ನರ್ಸು ಬೇಡ ಅಂದ್ರು" ಎಂದು ಸುಳ್ಳು ಹೇಳುತ್ತಾಳೆ.

ಅಮ್ಮ ಆ ಪುಟಗಳನ್ನು ನಿಧಾನವಾಗಿ, ಬೆರಳಿಟ್ಟು ಓದಿದಳು.

"ಯಾರು ಇದು ಚಿಕ್ಕಮ್ಮ?"

"ಕಥೆಗೆ ಒಂದು ಪಾತ್ರ ಬೇಕಿತ್ತು ಅಮ್ಮ."

"ನಂಗೆ ತಂಗಿನೇ ಇಲ್ಲ. ಇಲ್ದೇ ಇದ್ದವಳ ತಲೆ ಮೇಲೆ ಎಂತಕ್ಕೆ ಹಾಕ್ತೆ?"

ಆದ್ದರಿಂದ ಚಿಕ್ಕಮ್ಮ ಹೊರಟುಹೋಗಿದ್ದಾಳೆ. ಸುಳ್ಳು ಹೇಳಿದ್ದು ನಾನು.

ನರ್ಸಿನ ಹೆಸರು ರೋಹಿಣಿ. ಅಮ್ಮನಿಗೆ ಚೀಲ ಬದಲಿಸುವುದನ್ನು ಕಲಿಸಿದವರು. ಅವರು ಬೇಡ ಎನ್ನುತ್ತಾರೆ, ನನ್ನ ಕೆಲಸ ಸುಲಭವಾಗುತ್ತದೆ ಎಂದುಕೊಂಡೇ ಫೋನು ಮಾಡಿದ್ದೆ. ಅವರು ಅಂದದ್ದು: "ಬಾಗಿಲು ಮುಚ್ಚಿ, ಕೈ ಸರಿಯಾಗಿ ತೊಳೆದ್ರೆ ಎಲ್ಲಿ ಬೇಕಾದ್ರೂ ಮಾಡ್ಕೋಬಹುದು. ಹೊಸ ಪೇಷಂಟ್‌ಗಳಿಗೆ ನಾನು ಮಂಜಕ್ಕನ ಹೆಸರು ಹೇಳ್ತೀನಿ, ಗೊತ್ತಾ ನಿಮಗೆ?"

ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಮನೆಗೆ ಬಂದು ಸುಳ್ಳು ಹೇಳಿದೆ. ಕಾಡಿನ ದಾರಿಯಲ್ಲಿ, ಆಸ್ಪತ್ರೆಯಿಂದ ಅಷ್ಟು ದೂರದಲ್ಲಿ ಅಮ್ಮನಿಗೆ ಏನಾದರೂ ಆದರೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಅಪ್ಪ ನಂಬಿದ. ಎರಡು ದಿನ ಫೋನಿನಲ್ಲಿ ಟ್ರೇಲರ್ ನೋಡುವುದನ್ನೇ ಬಿಟ್ಟ. ಮೂರನೇ ದಿನ ಅಮ್ಮ ತಾನೇ ರೋಹಿಣಿಗೆ ಫೋನು ಮಾಡಿದಳು. ನಾನು ಶಾಲೆಯಿಂದ ಬಂದಾಗ ಬೈಯಲಿಲ್ಲ. ಚಾ ಕೊಟ್ಟಳು. ಎದುರಿಗೆ ಕೂತಳು.

"ನೀ ಹೆದ್ರಿದ್ದೆ" ಎಂದಳು. "ಹೆದ್ರಿಕೆ ತಪ್ಪಲ್ಲ. ಆದ್ರೆ ಅದು ನಿಂದು ಮಗಾ. ನನ್ನ ಕಾಲಿಗೆ ಕಟ್ಟಬ್ಯಾಡ."

ನಾನು ಅತ್ತೆ. ಅವಳು ನನ್ನ ಅಳು ಮುಗಿಯುವವರೆಗೆ ಕಾದು, "ನಾಳೆ ಶಿರಸಿಗೆ ಹೋಪ. ಅಲ್ಲೊಬ್ಬ ಟ್ರ್ಯಾಕ್ಟರ್ ಟ್ರೇಲರ್ ಮಾಡ್ತ್ನಂತೆ. ಅಳತೆ ಬರ್ಕಳೂಕೆ ನೀನೂ ಬಾ" ಎಂದಳು.

ಕ್ಷಮೆ ಎಂಬ ಪದ ನಮ್ಮ ಮನೆಯಲ್ಲಿ ಯಾರೂ ಬಳಸುವುದಿಲ್ಲ. ಅಳತೆ ಬರೆದುಕೊಳ್ಳಲು ಕರೆಯುತ್ತಾರೆ.

೭

ಕಲ್ಲಯ್ಯ ಬನವಾಸಿ ಕಡೆಯವರು. ಐವತ್ತು ದಾಟಿದೆ. ಅವರು ಮಾಡಿದ ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಕೆಂಪು ಬಣ್ಣದಲ್ಲಿ ಅವರ ಹೆಸರಿರುತ್ತದೆ. ಅಪ್ಪ ಫೋನಿನಲ್ಲಿದ್ದ ಚಿತ್ರ ತೋರಿಸಿದಾಗ ಅದನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿ ವಾಪಸು ಕೊಟ್ಟರು.

"ಇದನ್ನ ನೋಡಿ ಇಂಥಾದ್ದ ಮಾಡಂದ್ರ ನಾ ಮಾಡಂಗಿಲ್ರಿ ನಾಯ್ಕರ. ಇದು ಯಾರದೋ ಅಳತಿ." ಆಮೇಲೆ ಅಮ್ಮನ ಕಡೆ ತಿರುಗಿದರು. "ಅಕ್ಕಾರ, ನಿಮಗ ಏನೇನ ಬೇಕು, ಅದನ್ನ ಹೇಳ್ರಿ."

ಅಮ್ಮ ಹೇಳಿದಳು. ಚೀಲ, ನಳಿಕೆ, ಮೇಲೊಂದು ಕೆಳಗೊಂದು, ಎಲ್ಲವನ್ನೂ. ಗಂಡಸರ ಎದುರು ಹೊಟ್ಟೆ ಎಂಬ ಪದ ಹೇಳಲೂ ಸಂಕೋಚ ಪಡುತ್ತಿದ್ದವಳು ಅವತ್ತು ಸೆರಗು ಸರಿಮಾಡಿಕೊಂಡು, ಕ್ಲಾಸು ತೆಗೆದುಕೊಂಡವಳ ಹಾಗೆ ಇಪ್ಪತ್ತು ನಿಮಿಷ ಮಾತಾಡಿದಳು. ಕಲ್ಲಯ್ಯ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎದ್ದು, ಕಬ್ಬಿಣದ ಸ್ಟೂಲೊಂದನ್ನು ಗೋಡೆಗೆ ತಾಗಿಸಿಟ್ಟು, "ಕುಂದರ್ರಿ" ಎಂದರು. ಅಮ್ಮ ಕೂತಳು. ಅವಳ ಭುಜ ಬರುವಲ್ಲಿ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದರು. ಕೈ ಎತ್ತಿದಾಗ ಬೆರಳು ತಾಗುವಲ್ಲಿ ಇನ್ನೊಂದು. ಮಂಡಿ, ಪಾದ. ಆ ಗೋಡೆಯ ಮೇಲೆ ಅಮ್ಮನ ಆಕಾರದಲ್ಲಿ ಒಂದು ಟ್ರೇಲರ್ ಬರೆಸಿಕೊಂಡಿತು.

ಹೀಗೆ ಕಟ್ಟಿದರು: ಚಾಸಿಗೆ ದಪ್ಪ ಚೌಕ ಪೈಪು. ಕೆಳಗೆ ಜೀಪಿನದೇ ಪಾಟಾ (ಸ್ಪ್ರಿಂಗ್ ಪಟ್ಟಿ), ಅದರ ಎಲೆಗಳಲ್ಲಿ ಎರಡು ತೆಗೆದು ಮೆತ್ತಗೆ ಮಾಡಿದ್ದು, ಕುಲುಕಿದರೂ ಅಮ್ಮನ ಬೆನ್ನಿಗೆ ತಾಗಬಾರದೆಂದು. ಚಕ್ರಗಳೂ ಜೀಪಿನ ಅಳತೆಯವೇ, ಒಂದೇ ಸ್ಟೆಪ್ನಿ ಎರಡಕ್ಕೂ ಆಗಬೇಕು. ಎತ್ತರ ಎಷ್ಟೆಂದರೆ ಅಮ್ಮ ಒಳಗೆ ತಲೆ ಬಗ್ಗಿಸದೆ ನಿಲ್ಲಬೇಕು. ಅಪ್ಪ ಬಗ್ಗಬೇಕು. ("ನಿಮಗಲ್ಲ ಇದು" ಎಂದರು ಕಲ್ಲಯ್ಯ.) ಹಾಸಿಗೆಯ ಪಕ್ಕ ನೆಲದಲ್ಲಿ ಒಂದು ಸ್ಟೀಲಿನ ಗುಳಿ, ಕೆಳಗಿನ ಚೀಲ ಜಾರದೆ ಕೂರಲು. ಮೇಲೆ ಸೂರಿಗೆ ಎರಡು ಕೊಕ್ಕೆ, ಒಂದು ಮುರಿದರೆ ಇನ್ನೊಂದು. ಹಿಂದಿನ ಬಾಗಿಲೆತ್ತಿದರೆ ಅಪ್ಪನಿಗೆ ಅಡಿಗೆಮನೆ, ಗ್ಯಾಸು ಹೊರಗೇ.

ನಲ್ಲಿಯ ವಿಷಯಕ್ಕೆ ಕಲ್ಲಯ್ಯ ನಾಲ್ಕು ದಿನ ತೆಗೆದುಕೊಂಡರು. ತೊಳೆದ ಕೈಯಿಂದ ನಲ್ಲಿ ನಿಲ್ಲಿಸಿದರೆ ಕೈ ಮತ್ತೆ ಕೊಳೆ. ಐದನೇ ದಿನ ಫೋನು ಮಾಡಿ ಕರೆದರು. ನೆಲದ ಮೇಲೆ ಒಂದು ಪೆಡಲು ಕೂಡಿಸಿದ್ದರು. ಕಾಲಿನಿಂದ ಒತ್ತಿದರೆ ನೀರು ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಮ್ಮ ಒತ್ತಿದಳು, ನೀರು ಬಂತು. ಬಿಟ್ಟಳು, ನಿಂತಿತು. ಮತ್ತೆ ಒತ್ತಿದಳು.

"ನಮ್ಮ ಮನೆಯಾಗೂ ಇಂಥಾದ್ದಿಲ್ರಿ" ಎಂದರು ಕಲ್ಲಯ್ಯ, ಕೈ ಒರೆಸಿಕೊಳ್ಳುತ್ತ. ಅವರ ಮುಖ ನೋಡಬೇಕಿತ್ತು.

೮

ಕಥೆ ಇಲ್ಲಿ ತುಸು ನಿಧಾನವಾಗುತ್ತಿದೆ ಎಂದು ನನಗೂ ಅನಿಸುತ್ತಿದೆ. ಆದರೆ ಧೂಳಿನ ಪರೀಕ್ಷೆಯನ್ನು ಬಿಡುವಂತಿಲ್ಲ. ಬಿಟ್ಟರೆ ಕಲ್ಲಯ್ಯ ನನ್ನೊಡನೆ ಮಾತು ಬಿಡುತ್ತಾರೆ.

ಬಾಗಿಲಿಗೆ ಎರಡು ಸುತ್ತು ರಬ್ಬರು ಬೀಡಿಂಗ್ ಹಾಕಿದ್ದರು. "ಇನ್ನ ಧೂಳ ಬರಂಗಿಲ್ಲ" ಎಂದು ಅವರು ಅಂದಾಗ, ಅಮ್ಮ ಚೀಲದಿಂದ ಒಂದು ಬಿಳಿ ಹಾಸು ತೆಗೆದಳು. ಹಾಸಿಗೆಯ ಮೇಲೆ ಹರವಿ, ಬಾಗಿಲು ಹಾಕಿ, "ಈಗ ಒಂದ್ ಸುತ್ತು ತಿರುಗ್ಸಿ ತನ್ನಿ" ಎಂದಳು.

ಬನವಾಸಿ ದಾರಿಯಲ್ಲಿ ಇಟ್ಟಿಗೆ ಭಟ್ಟಿಗಳಿಗೆ ಹೋಗುವ ಕಚ್ಚಾ ರಸ್ತೆಯೊಂದಿದೆ. ಅಪ್ಪ ಮತ್ತು ಕಲ್ಲಯ್ಯ ಅದರಲ್ಲಿ ಟ್ರೇಲರ್ ಎಳೆದುಕೊಂಡು ಹೋಗಿ ಬಂದರು. ಇಬ್ಬರೂ ತಲೆಯಿಂದ ಕಾಲಿನವರೆಗೆ ಕೆಂಪಾಗಿದ್ದರು. ಬಾಗಿಲು ತೆಗೆದರೆ ಹಾಸಿನ ಒಂದು ಮೂಲೆಯಲ್ಲಿ ತೆಳುವಾಗಿ ಕೆಂಪು ಪಟ್ಟಿ.

ಕಲ್ಲಯ್ಯ ಬಂದ ಚಹಾವನ್ನೂ ಕುಡಿಯಲಿಲ್ಲ. ಟ್ರೇಲರಿನೊಳಗೆ ಟಾರ್ಚು ಹೊತ್ತಿಸಿ ಬಾಗಿಲು ಹಾಕಿಸಿ, ತಾವು ಹೊರಗೆ ಕಂಬಳಿ ಹೊದ್ದು ಕತ್ತಲೆ ಮಾಡಿಕೊಂಡು, ಬೆಳಕು ಎಲ್ಲಿಂದ ಸೋರುತ್ತದೆ ಎಂದು ಇಂಚಿಂಚೂ ನೋಡಿದರು. ಲೈಟಿನ ವೈರು ಒಳಗೆ ಹೋಗುವ ತೂತು, ಸಾಸಿವೆಯಷ್ಟು. ಮುಚ್ಚಿದರು. ಎರಡನೇ ಸುತ್ತಿಗೆ ಹಾಸಿನ ಮೇಲೆ ಬೆರಳಿಟ್ಟರೆ ತಿಳಿಯುವಷ್ಟು ಧೂಳು. ಬಾಗಿಲಿನ ಕೆಳಗಿನ ಮೂಲೆಯ ಬೀಡಿಂಗ್ ಕಿತ್ತು ಹೊಸದು ಹಾಕಿದರು. ಮೂರನೇ ಸುತ್ತಿಗೆ ಅಮ್ಮ ತಾನೇ ಬಾಗಿಲು ತೆಗೆದಳು. ಹಾಸನ್ನು ಹೊರಗೆ ತಂದು ಬಿಸಿಲಿಗೆ ಹಿಡಿದಳು. ತಿರುಗಿಸಿ ಹಿಡಿದಳು. ಬಿಳಿ.

ಅದನ್ನು ನಾಲ್ಕು ಮಡಿಕೆ ಮಾಡಿ ಕಲ್ಲಯ್ಯನ ಕೈಗೆ ಕೊಟ್ಟಳು. "ಇದು ನೀವೇ ಇಟ್ಕಳಿ" ಎಂದಳು. ಈಗಲೂ ವರ್ಕ್‌ಶಾಪಿನ ಆಫೀಸಿನಲ್ಲಿ, ಟೇಬಲ್ಲಿನ ಗಾಜಿನ ಕೆಳಗೆ ಅದಿದೆ. ಬಂದವರಿಗೆಲ್ಲ ತೋರಿಸುತ್ತಾರೆ. ನೋಂದಣಿಗೆಂದು ಟ್ರೇಲರ್ ನೋಡಲು ಬಂದ ಇನ್‌ಸ್ಪೆಕ್ಟರಿಗೂ ತೋರಿಸಿದ್ದರು. ಅವರು ಕಾಗದಗಳನ್ನೆಲ್ಲ ನೋಡಿ, ಬ್ರೇಕ್ ಲೈಟು ಹೊತ್ತಿಸಿ ನೋಡಿ, ಕೊನೆಗೆ ಕಾಲಿನ ನಲ್ಲಿಯನ್ನು ಮೂರು ಸಲ ಒತ್ತಿ ನೋಡಿ ಹೋದರು.

ಈ ಟ್ರೇಲರಿನ ಹಿಂದೆಯೂ ಕೆಂಪು ಅಕ್ಷರ ಬರೆಯಲು ಪೇಂಟರ್ ಬಂದಿದ್ದ. ಕಲ್ಲಯ್ಯ ಅವನ ಕೈಗೆ ಚೀಟಿ ಕೊಟ್ಟರು. ಚೀಟಿಯಲ್ಲಿ ಎರಡು ಹೆಸರಿದ್ದವು. ಮೇಲೆ ಮಂಜಿ, ಕೆಳಗೆ ಕಲ್ಲಯ್ಯ.

೯

ಅಪ್ಪನ ಕೋರಿಕೆಯ ಮೇರೆಗೆ ಈ ಭಾಗವನ್ನು ಚಿಕ್ಕದು ಮಾಡಿದ್ದೇನೆ. ಮೂವತ್ತೊಂದು ವರ್ಷ ಘಟ್ಟದ ತಿರುವುಗಳಲ್ಲಿ ಬಸ್ಸು ಓಡಿಸಿದವನಿಗೆ ಟ್ರೇಲರ್ ಕಟ್ಟಿಕೊಂಡು ಹಿಂದೆ ಹೋಗಲು ಬರಲಿಲ್ಲ. ಸ್ಟೇರಿಂಗು ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಒಂದು ಖಾಲಿ ಮೈದಾನದಲ್ಲಿ ಮೂರು ದಿನ ಬೆವರಿದ. ನಾಲ್ಕನೇ ದಿನ ಅಮ್ಮ ಹಿಂದೆ ನಿಂತು ಕೈಸನ್ನೆ ಮಾಡತೊಡಗಿದಳು. ನರ್ಸರಿಯಲ್ಲಿದ್ದಾಗ ನಾಟಾ, ಅಂದರೆ ಮರದ ದಿಮ್ಮಿ, ತುಂಬಿದ ಗಾಡಿಗಳಿಗೆ ದಾರಿ ತೋರಿಸಿದವಳು ಅವಳು.

"ಬಾಲ ಎತ್ಲಾಗ್ ಹೋಗ್ಬೇಕು ಅಂತ ನಾ ಹೇಳ್ತೆ. ತಲೆ ಎತ್ಲಾಗ್ ಅಂತ ನೀವು ನೋಡ್ಕಳಿ."

ಸಂಜೆಯ ಹೊತ್ತಿಗೆ ಅಪ್ಪ ಟ್ರೇಲರನ್ನು ಎರಡು ಕಲ್ಲುಗಳ ನಡುವೆ ನಿಲ್ಲಿಸಿದ್ದ.

೧೦

ಈ ಜನವರಿಯಲ್ಲಿ ಹೊರಟೆವು. ಅರಣ್ಯ ಇಲಾಖೆಯಿಂದ ಹಗಲಿನಲ್ಲಿ ನೆಡುತೋಪಿಗೆ ಹೋಗಲು ಅನುಮತಿ ತೆಗೆದುಕೊಂಡಿದ್ದೆವು. ಟ್ರೇಲರ್ ನಿಲ್ಲಿಸುವುದು ಕೆರಿಯನ ಹಕ್ಕಲಿನಲ್ಲಿ. ಬಿಳಗಿಯಲ್ಲಿ ಬೆಳಗಿನ ಚೀಲ ಮುಗಿಸಿ, ಸಿದ್ದಾಪುರ, ಶಿರಸಿ, ಮಂಚಿಕೇರಿ ದಾಟಿ, ಯಲ್ಲಾಪುರದಲ್ಲಿ ಇಡ್ಲಿ ತಿಂದು, ಇಡಗುಂದಿಯ ಆಚೆ ಡಾಂಬರು ಬಿಟ್ಟು ಕಾಡಿನ ದಾರಿ ಹಿಡಿದೆವು.

ಎರಡು ಕಿಲೋಮೀಟರ್ ಹೋದಮೇಲೆ ದಾರಿಗೆ ಅಡ್ಡ ಒಂದು ಮರ ಬಿದ್ದಿತ್ತು. ಒಂದು ಕಡೆ ಗೋಡೆಯಂಥ ದರೆ, ಇನ್ನೊಂದು ಕಡೆ ಇಳಿಜಾರು. ಅಪ್ಪ ಗಾಡಿ ನಿಲ್ಲಿಸಿ ಗಡಿಯಾರ ನೋಡಿದ. ಅಮ್ಮನ ಮಧ್ಯಾಹ್ನದ ಹೊತ್ತು ಆಗಿತ್ತು.

ಇದೇ ನಾನು ಹೆದರಿದ್ದ ಜಾಗ. ಮೂರನೇ ಡ್ರಾಫ್ಟಿನ ಚಿಕ್ಕಮ್ಮ ಇಲ್ಲಿರುತ್ತಿದ್ದರೆ "ನಾ ಹೇಳಿರಲಿಲ್ವಾ?" ಎನ್ನುತ್ತಿದ್ದಳು. ನನ್ನ ಬಾಯಿಯ ತುದಿಗೂ ಆ ಮಾತು ಬಂದಿತ್ತು.

ಅಮ್ಮ ಜೀಪಿನಿಂದ ಇಳಿದು ಟ್ರೇಲರಿನ ಕಡೆ ನಡೆದಳು. "ನೀವು ಕೆರಿಯಂಗೆ ಫೋನ್ ಮಾಡಿ. ನಾ ನನ್ನ ಕೆಲಸ ಮುಗ್ಸಿ ಬತ್ತೆ" ಎಂದಳು. ಅಪ್ಪ ನಾಲ್ಕು ಮೂಲೆಗೂ ಜಾಕು ಕೊಟ್ಟು ಟ್ರೇಲರನ್ನು ಮಟ್ಟ ಮಾಡಿದ. ಬಾಗಿಲು ಮುಚ್ಚಿಕೊಂಡಿತು. ಪೆಡಲಿನ ಸದ್ದು, ನೀರಿನ ಸದ್ದು, ಆಮೇಲೆ ಏನೂ ಇಲ್ಲ.

ನಾವಿಬ್ಬರೂ ಹೊರಗೆ ಬೇರಿನ ಮೇಲೆ ಕೂತೆವು. ಮೂವತ್ತೆಂಟು ನಿಮಿಷ. ನಾನು ಕಥೆಗಾರ್ತಿ, ಕಾಯುವ ದೃಶ್ಯಗಳನ್ನು ಎಷ್ಟೋ ಬರೆದಿದ್ದೇನೆ. ಒಂದೂ ಹೀಗಿರಲಿಲ್ಲ. ಕಾಯುವಾಗ ಮನುಷ್ಯ ಏನನ್ನೂ ನೆನೆಯುವುದಿಲ್ಲ, ಬಾಗಿಲು ನೋಡುತ್ತಾನೆ.

ಬಾಗಿಲು ತೆರೆಯಿತು. ಇಳಿದ ನೀರಿನ ಚೀಲವನ್ನು ಅಮ್ಮ ದಿನಪತ್ರಿಕೆಯ ಮೇಲಿಟ್ಟು ನೋಡುವುದು ರೂಢಿ. ನೀರಿನ ಮೂಲಕ ಕೆಳಗಿನ ಅಕ್ಷರ ಓದಲು ಬಂದರೆ ಎಲ್ಲ ಸರಿ, ಮಬ್ಬಾದರೆ ಸೋಂಕು. ಅವತ್ತು ನನ್ನನ್ನು ಒಳಗೆ ಕರೆದು, "ಓದು" ಎಂದಳು. ನಾನು ಓದಿದೆ. ಯಾವುದೋ ಊರಿನ ಕಬಡ್ಡಿ ಪಂದ್ಯದ ಸುದ್ದಿ, ಪ್ರತಿಯೊಂದು ಅಕ್ಷರವೂ ಸ್ಪಷ್ಟವಾಗಿತ್ತು.

ಅಷ್ಟರಲ್ಲಿ ಮರದ ಆಚೆಯಿಂದ ಕೆರಿಯ ಬಂದ. ಅವನೊಡನೆ ಆ ಬೀಟಿನ ಅರಣ್ಯ ಗಾರ್ಡು ಶಿಲ್ಪಾ, ಹಾವೇರಿ ಕಡೆಯ ಹೆಣ್ಣುಮಗಳು, ಗರಗಸ ಹಿಡಿದ ಇಬ್ಬರು ವಾಚರುಗಳು ಇದ್ದರು. "ಗಾಡಿ ಸ್ವಲ್ಪ ಹಿಂದಕ್ಕ ತಗೋರಿ, ಟೊಂಗಿ ಬೀಳ್ತಾವು" ಎಂದಳು ಶಿಲ್ಪಾ. ಹಿಂದೆ ಎಂದರೆ ತಿರುವಿನವರೆಗೆ ನೂರು ಮೀಟರ್, ಪಕ್ಕದಲ್ಲಿ ಇಳಿಜಾರು. ಅಮ್ಮ ಹಿಂದೆ ಹೋಗಿ ನಿಂತು ಕೈ ಎತ್ತಿದಳು. ಅಪ್ಪ ಕನ್ನಡಿಯಲ್ಲಿ ಅವಳ ಕೈಯನ್ನಷ್ಟೇ ನೋಡುತ್ತ ಆ ನೂರು ಮೀಟರನ್ನು ಒಂದೇ ಉಸಿರಿಗೆ ಹಿಂದಕ್ಕೆ ಹೋದ. ವಾಚರುಗಳಲ್ಲೊಬ್ಬ, "ಡ್ರೈವರ್ ಭಾರೀ ಅನುಭವಸ್ಥ" ಎಂದ. ಅಪ್ಪ ಅಮ್ಮನ ಕಡೆ ಕೈ ತೋರಿಸಿ, "ಡ್ರೈವರ್ ಅವಳು" ಎಂದ.

೧೧

ಇಲ್ಲಿ ಕಥೆಗೆ ಮುಕ್ತಾಯ ಬೇಕು. ಮೂರು ಮುಕ್ತಾಯಗಳನ್ನು ಬರೆದಿದ್ದೆ.

ಮೊದಲನೆಯದರಲ್ಲಿ ಗುಡ್ಡದ ಮೇಲಿದ್ದಾಗಲೇ ಹುಬ್ಬಳ್ಳಿಯಿಂದ ಫೋನು ಬರುತ್ತದೆ, ಅಮ್ಮನಿಗೆ ಹೊಂದುವ ಕಿಡ್ನಿ ಸಿಕ್ಕಿದೆ. ಅಪ್ಪ ಓದಿ, "ಇದು ಸಿನೆಮಾ" ಎಂದ. ಎರಡನೆಯದರಲ್ಲಿ ಆ ಗುಡ್ಡವೇ ಇರುವುದಿಲ್ಲ, ಮರಗಳನ್ನೆಲ್ಲ ಕಡಿದಿರುತ್ತಾರೆ, ಅಮ್ಮ ಬೋಳು ಇಳಿಜಾರನ್ನು ನೋಡುತ್ತ ನಿಲ್ಲುತ್ತಾಳೆ. ಅದನ್ನು ಓದಿದ ಕಲ್ಲಯ್ಯ ಫೋನು ಮಾಡಿ, "ಅಷ್ಟು ಚಲೋ ಗಾಡಿ ಮಾಡಿ ಕೊಟ್ಟೀನಿ, ಕಡಿದ ಗುಡ್ಡ ತೋರ್ಸಾಕ ಒಯ್ತೀರೇನ್ರಿ?" ಎಂದರು. ಮೂರನೆಯದರಲ್ಲಿ ಅಮ್ಮ... ಮೂರನೆಯದನ್ನು ಯಾರಿಗೂ ತೋರಿಸಲಿಲ್ಲ. ಅದು ಮತ್ತೆ ನನ್ನ ಹೆದರಿಕೆಯೇ ಬರೆದದ್ದು. ಹರಿದು ಹಾಕಿದೆ.

ನಡೆದದ್ದು ಬೇರೆ.

೧೨

ಆ ರಾತ್ರಿ ಕೆರಿಯನ ಹಕ್ಕಲಿನಲ್ಲಿ ಉಳಿದು, ಮರುದಿನ ಬೆಳಿಗ್ಗೆ ಅಮ್ಮ, ಅಪ್ಪ, ಕೆರಿಯ, ಶಿಲ್ಪಾ ಮತ್ತು ನಾನು ಗುಡ್ಡ ಹತ್ತಿದೆವು. ನಿಧಾನಕ್ಕೆ, ನಾಲ್ಕು ಕಡೆ ಕೂತು.

"ಇದೇ" ಎಂದ ಕೆರಿಯ.

ಅಮ್ಮ ಸುತ್ತ ನೋಡಿದಳು. ಬಿದಿರು, ಬಳ್ಳಿ, ತಾನಾಗಿ ಹುಟ್ಟಿದ ಎಷ್ಟೋ ಮರಗಳು. ಎಲ್ಲಿ ನೋಡಿದರೂ ಕಾಡು.

"ಇದಲ್ಲ" ಎಂದಳು.

"ಇದೇಯ ಮಂಜಕ್ಕ. ಹೊನ್ನೆ ನೋಡು, ಮತ್ತಿ ನೋಡು."

"ಇದು ಕಾಡು. ನಾವು ನೆಟ್ಟದ್ದು ತೋಪು." ಅವಳು ಒಂದು ಕಲ್ಲಿನ ಮೇಲೆ ಕೂತಳು. ಅಪ್ಪ ನನ್ನನ್ನು ನೋಡಿದ. ಇಷ್ಟು ದೂರ ಬಂದು ಗುರುತು ಸಿಗಲಿಲ್ಲವಲ್ಲ ಎಂದುಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಎದ್ದಳು. ತಲೆಯನ್ನು ಒಂದು ಕಡೆ ವಾಲಿಸಿ, ಅಡ್ಡಡ್ಡ ಹೆಜ್ಜೆ ಇಡತೊಡಗಿದಳು. ಒಂದು ಹುತ್ತವನ್ನು ದಾಟಿದಳು. ಎರಡು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ನಿಂತಳು.

"ಕಾವ್ಯಾ, ಇಲ್ಲಿ ಬಾ. ನನ್ನ ಹಿಂದೆ ನಿಲ್ಲು. ಸರೀ ನನ್ನ ಹಿಂದೆ."

ನಿಂತು ಅವಳ ಭುಜದ ಮೇಲಿಂದ ನೋಡಿದೆ. ಅಲ್ಲಿಯವರೆಗೆ ಬೇಕಾಬಿಟ್ಟಿ ನಿಂತಿದ್ದ ಮರಗಳಲ್ಲಿ ಕೆಲವು ಒಂದರ ಹಿಂದೊಂದು ಸರಿದು ನಿಂತವು. ಹತ್ತು, ಹದಿನೈದು, ಇಪ್ಪತ್ತು, ಗುಡ್ಡದ ನೆತ್ತಿಯವರೆಗೆ ಒಂದೇ ಗೆರೆ. ನಾನು ಬಲಕ್ಕೆ ಒಂದು ಹೆಜ್ಜೆ ಇಟ್ಟೆ, ಗೆರೆ ಕಾಡಿನೊಳಗೆ ಕರಗಿತು. ಮತ್ತೆ ಅವಳ ಹಿಂದೆ ಬಂದೆ, ಮತ್ತೆ ಗೆರೆ.

"ಹಗ್ಗ ಹಿಡಿದು ಗುಂಡಿ ತೆಗ್ದಿದ್ದು" ಎಂದಳು. "ಎರಡು ಮೀಟರಿಗೆ ಒಂದು. ಒಂದು ಬೆರಳು ಆಚೆ ಈಚೆ ಆಗೂಕೆ ಬಿಡ್ತಿರಲಿಲ್ಲ ನಾನು."

ಅಪ್ಪ ಬಂದು ನೋಡಿದ. ಶಿಲ್ಪಾ ಬಂದು ನೋಡಿದಳು. ನೋಡಿ, ತುಂಬ ಹೊತ್ತು ಅಲ್ಲೇ ನಿಂತಳು.

"ನಾ ಈ ಬೀಟಿಗೆ ಬಂದು ನಾಲ್ಕು ವರ್ಷ ಆತ್ರಿ ಅಕ್ಕಾರ. ದಿನಾ ಇದರಾಗ ಅಡ್ಡಾಡ್ತೀನ. ಸಾಲ ಕಂಡಿದ್ದಿಲ್ಲ." ಆಮೇಲೆ ತನ್ನ ಡೈರಿ ತೆಗೆದಳು. "ನಮ್ಮ ರಿಜಿಸ್ಟರ್‌ನ್ಯಾಗ ವರ್ಷ ಐತಿ, ಎಷ್ಟ ಎಕರೆ ಅಂತ ಐತಿ, ಎಷ್ಟ ಸಸಿ ಅಂತ ಐತಿ. ಯಾರ ನೆಟ್ಟರು ಅಂತ ಇಲ್ಲ. ಹೇಳ್ರಿ, ಬರ್ಕೊಂತೀನಿ."

ಅಮ್ಮ ನನ್ನ ಕಡೆ ನೋಡಿದಳು, ಆಮೇಲೆ ಡೈರಿಯ ಕಡೆ. ಸೆರಗು ಸರಿಮಾಡಿಕೊಂಡಳು.

"ಇದು ನನ್ನ ಸಾಲು. ಮಂಜಿ ಅಂತ ಬರಿ." ಎಡಕ್ಕೆ ಎರಡು ಮೀಟರ್ ಸರಿದಳು. "ಇದು ಕೆರಿಯಂದು. ಅವಂಗೆ ಸೊಟ್ಟ ಆತಿತ್ತು, ನಾ ಸರಿ ಮಾಡ್ಸಿದ್ದೆ." ಕೆರಿಯ ನಕ್ಕ. ಮತ್ತೆ ಎರಡು ಮೀಟರ್. "ಇದು ಸಿದ್ದವ್ವಂದು. ಅವಳ ಗುಂಡಿ ಎಲ್ಲರದಕ್ಕಿಂತ ಆಳ. ನೋಡು, ಅವಳ ಮರ ಒಂದೂ ಬಿದ್ದಿಲ್ಲ." ಮತ್ತೆ ಎರಡು ಮೀಟರ್. "ಇದು ಮುರಿಗೆವ್ವಂದು. ಮೂರು ತಿಂಗಳ ಕೂಸು ಅವಳಿಗೆ. ಜೋಲಿ ಕಟ್ಟಿದ್ದು ಅಲ್ಲಿ, ಆ ಬಂಡೆ ಹತ್ರ."

ಶಿಲ್ಪಾ ನಿಂತುಕೊಂಡೇ ಬರೆಯುತ್ತಿದ್ದಳು. ಒಟ್ಟು ಎಷ್ಟು ಸಾಲು ಎಂದು ಕೇಳಿದೆ. ನಲವತ್ತಾರು ಎಂದ ಕೆರಿಯ. ಅಪ್ಪ ಗಡಿಯಾರ ನೋಡಿ, ಮುಂದಿನ ಚೀಲಕ್ಕೆ ಇನ್ನೂ ಎರಡು ತಾಸು ಇದೆ ಎಂದ.

ಓದುಗರೇ, ನಾನು ಇದನ್ನು ಇಲ್ಲಿಂದ ಮುಂದೆ ಬರೆಯಲಾರೆ. ತನ್ನ ಪೆನ್ನಿನ ಶಾಯಿ ಮುಗಿಯಿತೆಂದು ಶಿಲ್ಪಾ ನನ್ನ ಕೈಯಲ್ಲಿದ್ದದ್ದನ್ನೂ ತೆಗೆದುಕೊಂಡಿದ್ದಾಳೆ ಎಂದು ಬರೆದರೆ ಅದು ಸುಳ್ಳಾಗುತ್ತದೆ, ಚಂದ ಮಾತ್ರ ಇರುತ್ತದೆ. ನಿಜ ಇಷ್ಟೇ: ಅಮ್ಮ ಮುಂದೆ ಹೋಗಿಬಿಟ್ಟಿದ್ದಾಳೆ, ಬಿದಿರಿನ ಆಚೆ ಅವಳ ದನಿ ಮಾತ್ರ ಕೇಳುತ್ತಿದೆ. ನಾನೂ ಹಿಂದೆ ಓಡಬೇಕು.

"ಐದನೇದು," ಎನ್ನುತ್ತಿದ್ದಾಳೆ, "ಐದನೇ ಸಾಲು ಯಾರದು ಅಂದ್ರೆ..."